ಷೇರು ಕೊಳ್ಳಬೇಕು ಅಂದುಕೊಂಡ ಕಂಪನಿ ಪ್ರತಿ ವರ್ಷ ಲಾಭ ತೋರಿಸುತ್ತಿದೆ. ಅಷ್ಟಕ್ಕೇ ಗಟ್ಟಿ ಅಂತ ನಂಬಬಹುದಾ?

ಬೇಡ. ಐದಾರು ವರ್ಷಗಳ ವಾರ್ಷಿಕ ವರದಿ ತೆಗೆದು, ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ದುಡ್ಡೆಷ್ಟು, ಸಾಲ ಎಷ್ಟು, ಅದನ್ನು ಯಾವಾಗ ತೀರಿಸಬೇಕು ಅಂತ ನೋಡಿ.

ಯಾಕೆ ಅಂದ್ರೆ, ಲಾಭದ ಲೆಕ್ಕ ಹಿಡಿಯುವುದು ಬಿಲ್ ಮಾಡಿದಾಗ, ದುಡ್ಡು ಬಂದಾಗ ಅಲ್ಲ. ಮುಂಬೈಯ ಮಾಟುಂಗಾದಲ್ಲಿ ನಮ್ಮವರದ್ದೊಂದು ಹೋಟೆಲ್ ಇದೆ ಅಂದುಕೊಳ್ಳಿ. ಇಡ್ಲಿ, ಕಾಫಿಯ ದುಡ್ಡು ಅಲ್ಲೇ ಗಲ್ಲಾಕ್ಕೆ ಬೀಳುತ್ತದೆ. ಅದೇ ಮಾಲೀಕರು ಆಫೀಸುಗಳಿಗೆ ಊಟ ಕಳಿಸಿ ತಿಂಗಳಿಗೆ 2 ಲಕ್ಷದ ಬಿಲ್ ಮಾಡುತ್ತಾರೆ. ಲೆಕ್ಕದಲ್ಲಿ ಅದು ಆದಾಯವೇ. ಆಫೀಸಿನವರು 4 ತಿಂಗಳು ಕೊಡಲೇ ಇಲ್ಲ ಅಂದ್ರೆ? ಪುಸ್ತಕದಲ್ಲಿ 8 ಲಕ್ಷ, ಅಕ್ಕಿ ಅಂಗಡಿಯವರಿಗೆ ಕೊಡಲು ಕಾಸಿಲ್ಲ. ದೊಡ್ಡ ಕಂಪನಿಯಲ್ಲೂ ಇದೇ ಆಗುವುದು. ಒಂದು ವರ್ಷ ನಗದು ಕಡಿಮೆಯಾದರೆ ಪರವಾಗಿಲ್ಲ. ವರ್ಷ ವರ್ಷವೂ ಲಾಭ ಏರಿ, ನಗದು ಮಾತ್ರ ಬರದೇ ಇದ್ದರೆ ನಾನಂತೂ ಆ ಷೇರು ಮುಟ್ಟುವುದಿಲ್ಲ.

ಸಾಲದಲ್ಲಿ ಮೊತ್ತಕ್ಕಿಂತ ಅವಧಿ ಮುಖ್ಯ. ಇದೇ ಮುಂಬೈಯ ಮೂಲಸೌಕರ್ಯ ಹಣಕಾಸು ಕಂಪನಿ ಐಎಲ್ ಆಂಡ್ ಎಫ್‌ಎಸ್ ಹತ್ತಾರು ವರ್ಷ ಹಿಡಿಯುವ ರಸ್ತೆ, ವಿದ್ಯುತ್ ಯೋಜನೆಗಳಿಗೆ ಅಲ್ಪಾವಧಿ ಸಾಲವನ್ನೂ ಜಾಸ್ತಿ ನೆಚ್ಚಿಕೊಂಡಿತ್ತು. 2018ರಲ್ಲಿ ಕಂತು ಕಟ್ಟಲಾಗದೆ ಕುಸಿಯಿತು. ಅದಕ್ಕೆ ಸ್ವಲ್ಪ ಮುಂಚಿನವರೆಗೂ ಅದರ ರೇಟಿಂಗ್ ಎಎಎ, ಅಂದ್ರೆ ಅತ್ಯಂತ ಸುರಕ್ಷಿತ ಅಂತ!

ಬ್ಯಾಂಕುಗಳಿಗೆ ಈ ನಗದಿನ ಲೆಕ್ಕ ಸರಿಹೊಂದುವುದಿಲ್ಲ. ಅಲ್ಲಿ ವಸೂಲಾಗದ ಸಾಲ ಎಷ್ಟಿದೆ ಅಂತ ಮೊದಲು ನೋಡಿ.