ಟ್ರಯಲ್ ಇದೆಯಂತೆ, ಸೇರೋಣವೇ? ಓದುಗರ ಪ್ರಶ್ನೆಗಳಿಗೆ ಉತ್ತರ

ತಂದೆಗೆ 58 ವರ್ಷ. ಕೆನ್ನೆಯ ಒಳಭಾಗದ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಆಗಿ ಒಂದು ವರ್ಷಕ್ಕೆ ಮತ್ತೆ ಗಂಟು ಕಾಣಿಸಿದೆ. "ದೊಡ್ಡ ಆಸ್ಪತ್ರೆಗಳಲ್ಲಿ ಯಾವುದಾದರೂ ಟ್ರಯಲ್ ಇದ್ದರೆ ವಿಚಾರಿಸಿ" ಎಂದರು ವೈದ್ಯರು. ಎಲ್ಲಿ, ಹೇಗೆ ವಿಚಾರಿಸುವುದು?
(ದಾವಣಗೆರೆಯ ಓದುಗರು)

ಟ್ರಯಲ್ ಎಂದರೆ ಔಷಧ ಅಥವಾ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಅಧ್ಯಯನ. ಬಸ್ ಹತ್ತುವ ಮೊದಲು ಕಂಪ್ಯೂಟರ್ ಮುಂದೆ ಒಂದು ಗಂಟೆ ಕುಳಿತುಕೊಳ್ಳಿ. ನಮ್ಮ ದೇಶದ ಟ್ರಯಲ್‌ಗಳೆಲ್ಲ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್‌) 2007ರಲ್ಲಿ ಶುರುಮಾಡಿದ ಈ ನೋಂದಣಿ ಸಿಟಿಆರ್‌ಐ ಡಾಟ್ ಎನ್‌ಐಸಿ ಡಾಟ್ ಇನ್ ವಿಳಾಸದಲ್ಲಿದೆ. ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಇಲ್ಲಿ ಹೆಸರು ಹಚ್ಚಬೇಕೆಂಬ ನಿಯಮವಿದೆ.

ಹುಡುಕುವಾಗ ಹೆಚ್ಚಿನವರು ಎಡವುವುದು ಪದದಲ್ಲಿ. ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿವೆ, ಅದೂ ವೈದ್ಯರ ಇಂಗ್ಲಿಷಿನಲ್ಲಿ. "ಮೌತ್ ಕ್ಯಾನ್ಸರ್" ಎಂದು ಹಾಕಿದರೆ ಸಿಗದ ಟ್ರಯಲ್‌ಗಳು "ಹೆಡ್ ಅಂಡ್ ನೆಕ್", "ಓರಲ್ ಕ್ಯಾವಿಟಿ", "ಬಕಲ್ ಮ್ಯುಕೋಸಾ" (ಕೆನ್ನೆಯ ಒಳಪದರ) ಎಂದಾಗ ಹೊರಬರುತ್ತವೆ. ನಿಮ್ಮ ಬಯಾಪ್ಸಿ ವರದಿಯಲ್ಲಿರುವ ಪದವನ್ನೇ ಅಕ್ಷರ ತಪ್ಪದೆ ಹಾಕಿ. ಊರಿನ ಹೆಸರು ಹಾಕುವುದಾದರೆ "ಬೆಂಗಳೂರು", "ಬ್ಯಾಂಗಲೋರ್" ಎರಡೂ ಕಾಗುಣಿತದಲ್ಲಿ ಪ್ರಯತ್ನಿಸಿ.

ಒಂದು ದಾಖಲೆ ತೆರೆದ ಮೇಲೆ ಅದರ ಶೀರ್ಷಿಕೆಯನ್ನು ಓದಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಮೊದಲು ಭರ್ತಿಯ ಸ್ಥಿತಿ ನೋಡಿ. ಅಲ್ಲಿ "ಓಪನ್ ಟು ರಿಕ್ರೂಟ್‌ಮೆಂಟ್" ಎಂದಿರಬೇಕು. ಆಮೇಲೆ ದಾಖಲೆಯನ್ನು ಕೊನೆಯದಾಗಿ ತಿದ್ದಿದ ದಿನಾಂಕ ನೋಡಿ. ಸ್ಥಿತಿಯನ್ನು ಬದಲಿಸಬೇಕಾದವರು ಟ್ರಯಲ್ ನಡೆಸುವವರೇ. ಎಷ್ಟೋ ಕಡೆ ಭರ್ತಿ ಮುಗಿದು ವರ್ಷವಾದರೂ ದಾಖಲೆ ಮಾತ್ರ ತೆರೆದೇ ಇರುತ್ತದೆ. ಕೆಳಗೆ ಟ್ರಯಲ್ ನಡೆಯುವ ಆಸ್ಪತ್ರೆ, ವಿಭಾಗ, ಪ್ರಧಾನ ಸಂಶೋಧಕರ ಹೆಸರು, ಫೋನ್ ನಂಬರು, ಎಥಿಕ್ಸ್ ಕಮಿಟಿಯ (ರೋಗಿಗಳ ಸುರಕ್ಷತೆ, ಹಕ್ಕು ನೋಡುವ ಸಮಿತಿ) ಒಪ್ಪಿಗೆ ಇರುತ್ತವೆ. ಕಿದ್ವಾಯಿ, ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿ, ಮೈಸೂರಿನ ಜೆಎಸ್‌ಎಸ್‌ನಂಥ ಬೋಧನಾ ಆಸ್ಪತ್ರೆಗಳ ಹೆಸರು ಸಿಗುವುದು ಈ ಪಟ್ಟಿಯಲ್ಲೇ. ಮುಂಬೈನ ಟಾಟಾ ಮೆಮೋರಿಯಲ್ ಅನ್ನೂ ಬಿಡಬೇಡಿ. ನಿಮ್ಮ ತಂದೆಯಂಥವರಿಗಾಗಿ ಅಲ್ಲಿ ನಡೆದ 151 ಜನರ ಟ್ರಯಲ್ ಒಂದರಲ್ಲಿ, ದುಬಾರಿ ನಿವೊಲುಮ್ಯಾಬ್ ಔಷಧವನ್ನು (ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಗೆ ನೆರವಾಗುವಂಥದ್ದು) ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ವಾಡಿಕೆಯ ಪ್ರಮಾಣ ಎರಡು ವಾರಕ್ಕೆ 240 ಮಿಲಿಗ್ರಾಂ. ಒಂದು ವರ್ಷ ದಾಟಿ ಬದುಕಿದವರು ನಿವೊಲುಮ್ಯಾಬ್ ಸಿಗದ ಗುಂಪಿನಲ್ಲಿ ಶೇ 16.3, ಸಿಕ್ಕ ಗುಂಪಿನಲ್ಲಿ ಶೇ 43.4. ಔಷಧ ಕಡಿಮೆ ಸಾಕೇ ಎಂಬ ಪ್ರಶ್ನೆಯನ್ನು ಅದನ್ನು ಮಾರುವ ಕಂಪನಿ ಕೇಳುವುದಿಲ್ಲ. ಬೋಧನಾ ಆಸ್ಪತ್ರೆಗಳನ್ನು ಮೊದಲು ನೋಡಿ ಎಂದು ನಾವು ಹೇಳುವುದು ಇದಕ್ಕೇ.

ನಿಜವಾದ ಜರಡಿ ಸೇರ್ಪಡೆ ಮತ್ತು ಹೊರಗಿಡುವಿಕೆಯ ಷರತ್ತುಗಳು. ಅಲ್ಲಿ ಇಸಿಒಜಿ (ರೋಗಿ ಎಷ್ಟು ಓಡಾಡಿಕೊಂಡಿದ್ದಾರೆ ಎಂದು ಹೇಳುವ ಅಂಕ) 0-1 ಎಂದಿದ್ದರೆ ರೋಗಿ ಓಡಾಡಿಕೊಂಡು ಹಗುರ ಕೆಲಸವನ್ನಾದರೂ ಮಾಡುವಂತಿರಬೇಕು. 2 ಎಂದರೆ ತನ್ನ ಸ್ನಾನ, ಊಟ ತಾನೇ ಮಾಡಿಕೊಂಡು ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಕಾಲ ಎದ್ದಿರುವವರು. ಹಗಲಿನ ಬಹುಪಾಲು ಹಾಸಿಗೆಯಲ್ಲೇ ಇದ್ದರೆ ಅದು 3, ಆಗ ಬಹಳಷ್ಟು ಬಾಗಿಲು ಮುಚ್ಚುತ್ತವೆ. "ಅಳೆಯಬಹುದಾದ ಗಡ್ಡೆ" ಎಂದರೆ ಸಾಮಾನ್ಯವಾಗಿ ಸಿಟಿ ಸ್ಕ್ಯಾನ್‌ನಲ್ಲಿ ಕನಿಷ್ಠ 10 ಮಿಲಿಮೀಟರ್ ಇರುವಂಥದ್ದು.

ಒಂದು ಎಚ್ಚರಿಕೆ. ಊರಿನಲ್ಲೇ "ಅಲ್ಲಿಯವರೆಗೆ ಒಂದು ಕೀಮೋ ಹಾಕಿಸಿಬಿಡೋಣ" ಎಂದು ಶುರುಮಾಡುವ ಮೊದಲೇ ಫೋನ್ ಮಾಡಿ ಕೇಳಿ. ಹಲವು ಟ್ರಯಲ್‌ಗಳು ಹಿಂದಿನ ಔಷಧದ ಕೊನೆಯ ಡೋಸ್‌ನಿಂದ ಎರಡರಿಂದ ನಾಲ್ಕು ವಾರದ ಅಂತರ ಕೇಳುತ್ತವೆ. "ಈ ಹಂತದಲ್ಲಿ ಯಾವ ಕೀಮೋವನ್ನೂ ಪಡೆದಿರಬಾರದು" ಎಂಬ ಷರತ್ತಿದ್ದರಂತೂ ಆ ಒಂದು ಡೋಸ್‌ಗೇ ಅವಕಾಶ ಕೈತಪ್ಪುತ್ತದೆ. ಹಾಗೆಂದು ಟ್ರಯಲ್ ಸಿಗಲಿ ಎಂದು ತಿಂಗಳುಗಟ್ಟಲೆ ಚಿಕಿತ್ಸೆ ನಿಲ್ಲಿಸಿ ಕೂರಬೇಡಿ. ಎಷ್ಟು ದಿನ ಕಾಯಬಹುದು ಎಂದು ನಿಮ್ಮ ವೈದ್ಯರಿಂದಲೇ ಹೇಳಿಸಿಕೊಳ್ಳಿ.

ಫೋನಿನಲ್ಲಿ ಕಥೆ ಬೇಡ, ಎರಡು ಸಾಲು ಸಾಕು: "58 ವರ್ಷ, ಬಕಲ್ ಮ್ಯುಕೋಸಾ ಕ್ಯಾನ್ಸರ್ ಮರುಕಳಿಸಿದೆ, ರೇಡಿಯೇಷನ್ ಇಂಥ ತಿಂಗಳಿಗೆ ಮುಗಿದಿದೆ, ಕೀಮೋ ಆಗಿಲ್ಲ, ಓಡಾಡುತ್ತಾರೆ. ಸಿಟಿಆರ್‌ಐ ನಂಬರ್ ಇಂಥದ್ದರಲ್ಲಿ ಭರ್ತಿ ನಡೆಯುತ್ತಿದೆಯೇ?" ಹೋಗುವಾಗ ಡಿಸ್‌ಚಾರ್ಜ್ ಸಾರಾಂಶ, ಎಷ್ಟು ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ರೇಡಿಯೇಷನ್ ಎಷ್ಟು ಕಂತಿನಲ್ಲಿ ಎಂದು ಬರೆದ ಪತ್ರ, ಸ್ಕ್ಯಾನ್‌ಗಳ ಸಿಡಿ (ಫಿಲ್ಮ್ ಸಾಲದು, ಅಳತೆ ತೆಗೆಯುವುದು ಸಿಡಿಯಿಂದ), ಆಯುರ್ವೇದವೂ ಸೇರಿ ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ ಜೊತೆಗಿರಲಿ. ಮುಖ್ಯವಾಗಿ ಬಯಾಪ್ಸಿಯ ಮೇಣದ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಮತ್ತು ಸ್ಲೈಡ್ ಬೇಕು. ಬ್ಲಾಕ್ ಇರುವುದು ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ. ಅರ್ಜಿ ಕೊಟ್ಟು ಪಡೆಯಲು ಒಂದೆರಡು ದಿನ ಹಿಡಿಯುತ್ತದೆ. ಇದನ್ನು ಬಿಟ್ಟು ಬೆಂಗಳೂರಿಗೆ ಬಂದು ಮತ್ತೆ ದಾವಣಗೆರೆಗೆ ಓಡುವವರು ಬಹಳ. ಹೊಸದಾಗಿ ಸ್ಕ್ಯಾನ್, ರಕ್ತಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ. ಸ್ಕ್ರೀನಿಂಗ್‌ನಲ್ಲಿ (ಸೇರಿಸಿಕೊಳ್ಳುವ ಮುಂಚಿನ ತಪಾಸಣೆ) ಹೇಗೂ ಮತ್ತೆ ಮಾಡುತ್ತಾರೆ.

ಟ್ರಯಲ್‌ನಲ್ಲಿ ಅರ್ಧ ಜನಕ್ಕೆ ಸಕ್ಕರೆ ಗುಳಿಗೆ ಕೊಟ್ಟು ಸುಮ್ಮನೆ ನೋಡುತ್ತಾರಂತೆ, ನಿಜವೇ?
(ಮೈಸೂರಿನ ಓದುಗರು)

ಕೆಲವು ಕಡೆ ನಿಜ, ಆದರೆ ನೀವು ಅಂಜುತ್ತಿರುವ ರೀತಿಯಲ್ಲಲ್ಲ. ಮೇಲೆ ಹೇಳಿದ ಟಾಟಾ ಟ್ರಯಲ್‌ನಲ್ಲಿ ಎರಡೂ ಗುಂಪಿಗೆ ಬಾಯಿಯಿಂದ ನುಂಗುವ ಕೀಮೋ ಇತ್ತು, ಒಂದು ಗುಂಪಿಗೆ ಹೆಚ್ಚುವರಿಯಾಗಿ ನಿವೊಲುಮ್ಯಾಬ್. ಸಿದ್ಧ ಚಿಕಿತ್ಸೆ ಇರುವ ಕಾಯಿಲೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಇದ್ದದ್ದು ಎಲ್ಲರಿಗೂ, ಅದರ ಜೊತೆಗೆ ಹೊಸದು ಅಥವಾ ಅದರಂತೆಯೇ ಕಾಣುವ, ಔಷಧವಿಲ್ಲದ ಡಮ್ಮಿ. ಬರೀ ಡಮ್ಮಿ ಬರುವುದು ಹೆಚ್ಚಾಗಿ ಇನ್ನೂ ರೋಗ ಬಾರದವರಲ್ಲಿ. ಹೃದಯಾಘಾತ ತಡೆಯುವ ಪಾಲಿಪಿಲ್‌ನ (ಹಲವು ಔಷಧ ಸೇರಿಸಿದ ಒಂದೇ ಗುಳಿಗೆ) ಟಿಪ್ಸ್-3 ಟ್ರಯಲ್ ಅಂಥದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ಸೇರಿ ಹಲವು ದೇಶಗಳಲ್ಲಿ 5,713 ಜನರ ಮೇಲೆ ನಡೆಯಿತು. ಹೃದ್ರೋಗವಿಲ್ಲದವರಿಗೆ ಕೊಡಲೇಬೇಕಾದ ಔಷಧ ಮೊದಲು ಇರಲಿಲ್ಲವಾದ್ದರಿಂದ ಡಮ್ಮಿಗೆ ಅವಕಾಶವಿತ್ತು.

ಯಾವ ಗುಂಪು ಎಂಬುದನ್ನು ವೈದ್ಯರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚುತ್ತದೆ. ಯಾರ ಶಿಫಾರಸೂ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಹೊಸ ಔಷಧ ಸಿಗದ ಗುಂಪಿಗೆ ಬಿದ್ದರೆ ಏನು ಕೊಡುತ್ತೀರಿ?" ಆ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ಸೇರಬೇಡಿ.

ಇಂಗ್ಲಿಷಿನ 18 ಪುಟದ ಒಪ್ಪಿಗೆ ಪತ್ರ ಕೊಟ್ಟು ಇವತ್ತೇ ಸಹಿ ಹಾಕಿ ಅಂದರು. ಅಮ್ಮನಿಗೆ ಓದು ಬರುವುದಿಲ್ಲ.
(ಹಾಸನದ ಓದುಗರು)

ಹಾಕಬೇಡಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಮಾಹಿತಿ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡ ಪ್ರತಿ ಕೇಳಿ ಪಡೆಯಿರಿ. ಓದು ಬಾರದವರಿಗೆ ಪೂರ್ತಿ ಓದಿ ಹೇಳುವಾಗ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಹಾಜರಿದ್ದು ಸಹಿ ಹಾಕಬೇಕು. ಆಮೇಲೆ ಕರೆದು ಹೆಬ್ಬೆಟ್ಟಿನ ಪಕ್ಕ ಸಹಿ ಹಾಕಿಸಿಕೊಂಡರೆ ಆಗದು. ಪತ್ರವನ್ನು ಮನೆಗೆ ಒಯ್ದು, ಗೊತ್ತಿರುವ ವೈದ್ಯರೊಬ್ಬರಿಗೆ ತೋರಿಸಿ ಬನ್ನಿ.

ಕೈಗೆ ಬಂದ ಪತ್ರದಲ್ಲಿ ಪ್ರತಿ ಪುಟದ ಅಡಿಯಲ್ಲಿರುವ ಆವೃತ್ತಿ ಸಂಖ್ಯೆ, ದಿನಾಂಕ ನೋಡಿ. ಅದು ಎಥಿಕ್ಸ್ ಕಮಿಟಿ ಒಪ್ಪಿದ ಈಗಿನ ಆವೃತ್ತಿಯೇ ಎಂದು ಕೇಳಿ. ಸಹಿಯ ಪುಟದಲ್ಲಿ ವಿದ್ಯಾಭ್ಯಾಸ, ಉದ್ಯೋಗ, ವಾರ್ಷಿಕ ಆದಾಯದ ಜೊತೆ ನಾಮಿನಿಯ ಹೆಸರು, ವಿಳಾಸ, ಸಂಬಂಧ ಬರೆಯುವ ಜಾಗವಿರುತ್ತದೆ. "ಇದೆಲ್ಲ ಯಾಕೆ, ಅಪಶಕುನ" ಎಂದು ಖಾಲಿ ಬಿಡುವವರೇ ಹೆಚ್ಚು. ಟ್ರಯಲ್‌ನಿಂದ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಎಂದು ಹೇಳುವ ಸಾಲು ಅದು, ತುಂಬಲೇಬೇಕು. ಭರ್ತಿಯಾದ ಪತ್ರದ ಪ್ರತಿ ನಿಮ್ಮ ಹಕ್ಕು. ತುರ್ತಿಗೆ ಯಾರಿಗೆ ಫೋನ್ ಮಾಡಬೇಕೆಂಬುದೂ ಅದರಲ್ಲೇ ಇರುವುದರಿಂದ ಮೊಬೈಲ್‌ನಲ್ಲಿ ಫೋಟೋ ಇಟ್ಟುಕೊಳ್ಳಿ.

ಖರ್ಚು ಯಾರದು? ಏನಾದರೂ ಆದರೆ?
(ಕಲಬುರಗಿಯ ಓದುಗರು)

ಪರೀಕ್ಷಿಸುವ ಔಷಧಕ್ಕೆ, ಟ್ರಯಲ್‌ಗೆಂದೇ ಮಾಡಿಸುವ ಪರೀಕ್ಷೆಗಳಿಗೆ ನೀವು ಹಣ ಕೊಡುವಂತಿಲ್ಲ. ಗೊಂದಲ ಬರುವುದು ಟ್ರಯಲ್ ಇಲ್ಲದಿದ್ದರೂ ಆಗುತ್ತಿದ್ದ ಚಿಕಿತ್ಸೆಯ ವಿಷಯದಲ್ಲಿ. ಯಾವುದು ಉಚಿತ, ಯಾವುದು ನಿಮ್ಮ ಲೆಕ್ಕಕ್ಕೆ ಎಂದು ಬರಹದಲ್ಲಿ ತೋರಿಸಲು ಹೇಳಿ. ಕಲಬುರಗಿಯಿಂದ ತಿಂಗಳಿಗೆ ಎರಡು ಬಾರಿ ಬರುವುದಾದರೆ ಪ್ರಯಾಣ ಭತ್ಯೆ ಎಷ್ಟು, ಜೊತೆಗೆ ಬರುವವರಿಗೂ ಇದೆಯೇ ಎಂದೂ ಕೇಳಿ. ಖಾಸಗಿ ಆರೋಗ್ಯ ವಿಮೆಯನ್ನು ನಂಬಿ ಸೇರಬೇಡಿ, ಪಾಲಿಸಿಗಳಲ್ಲಿ "ಸಾಬೀತಾಗದ ಚಿಕಿತ್ಸೆ"ಯನ್ನು ಹೊರಗಿಡುವ ಷರತ್ತು ಸಾಮಾನ್ಯ.

ತೊಂದರೆಯಾದರೆ, ಅದು ಟ್ರಯಲ್‌ನಿಂದ ಆದದ್ದಲ್ಲ ಎಂದು ತೀರ್ಮಾನವಾಗುವವರೆಗೆ ಅಥವಾ ಅಗತ್ಯವಿರುವಷ್ಟು ಕಾಲ, ಯಾವುದು ಮೊದಲೋ ಅಲ್ಲಿಯವರೆಗೆ, ಚಿಕಿತ್ಸೆ ಉಚಿತ. ಗಂಭೀರ ತೊಂದರೆಯನ್ನು ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಆದರೆ ನೀವು ಊರಿನ ನರ್ಸಿಂಗ್ ಹೋಂ ಸೇರಿ ಅವರಿಗೆ ಹೇಳದೇ ಹೋದರೆ ಈ ವರದಿ ಹೋಗುವುದೇ ಇಲ್ಲ. ಅಲ್ಲಿನ ಬಿಲ್ಲು, ಕೇಸ್ ಶೀಟಿನ ಪ್ರತಿ ಇಟ್ಟುಕೊಳ್ಳಿ. ಟ್ರಯಲ್‌ನಿಂದಾದ ಸಾವಿಗೆ ಪರಿಹಾರದ ಲೆಕ್ಕ 8 ಲಕ್ಷದ ಮೂಲ ಮೊತ್ತವನ್ನು ವಯಸ್ಸು ಮತ್ತು ಸೇರುವಾಗಿನ ರೋಗದ ತೀವ್ರತೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿದ್ದು. 65 ದಾಟಿದ, ಆರು ತಿಂಗಳಿಂದ ಎರಡು ವರ್ಷ ಬದುಕುವ ನಿರೀಕ್ಷೆಯಿದ್ದವರಿಗೆ 8 ಲಕ್ಷ. ಅದೇ ವಯಸ್ಸಿನ ಆರೋಗ್ಯವಂತರಾಗಿದ್ದರೆ 32 ಲಕ್ಷ.

ನೋಂದಣಿಯಲ್ಲಿ "ಪೋಸ್ಟ್ ಗ್ರಾಜುಯೇಟ್ ಥೀಸಿಸ್: ಯೆಸ್" ಎಂದಿದೆ. ವಿದ್ಯಾರ್ಥಿಗಳ ಪ್ರಯೋಗಕ್ಕೆ ನಾವೇಕೆ?
(ಉಡುಪಿಯ ಓದುಗರು)

ಬೋಧನಾ ಆಸ್ಪತ್ರೆಯ ದಾಖಲೆಗಳಲ್ಲಿ ಇದು ಮಾಮೂಲು. ಹೆಚ್ಚಾಗಿ ಈಗಾಗಲೇ ಬಳಕೆಯಲ್ಲಿರುವ ಎರಡು ಔಷಧ, ಎರಡು ಹೊಲಿಗೆ ವಿಧಾನದಂಥವನ್ನು ಹೋಲಿಸುವ ಚಿಕ್ಕ ಅಧ್ಯಯನಗಳಿವು, ಅಪಾಯ ಕಡಿಮೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇವಕ್ಕೂ ಬೇಕು. ನೀವು ವಿಚಾರಿಸಬೇಕಾದ್ದು, ಮಾರ್ಗದರ್ಶಕ ಪ್ರಾಧ್ಯಾಪಕರು ಯಾರು ಮತ್ತು ವಿದ್ಯಾರ್ಥಿ ಪರೀಕ್ಷೆ ಮುಗಿಸಿ ಹೋದ ಮೇಲೆ ಫಾಲೋ-ಅಪ್ ಯಾರು ನೋಡುತ್ತಾರೆ.

ಆಟಿಸಂ ಇರುವ ಮಗನಿಗೆ ಸ್ಟೆಮ್ ಸೆಲ್ "ಟ್ರಯಲ್" ಎಂದು ಕ್ಲಿನಿಕ್ ಒಂದು 4 ಲಕ್ಷ ಕೇಳುತ್ತಿದೆ.
(ಹುಬ್ಬಳ್ಳಿಯ ಓದುಗರು)

ಟ್ರಯಲ್ ಆಗಿದ್ದರೆ ದುಡ್ಡು ಕೇಳಬಾರದು, ದುಡ್ಡು ಕೇಳಿದರೆ ಅದು ಟ್ರಯಲ್ ಅಲ್ಲ. ಸಿಟಿಆರ್‌ಐ ನಂಬರು ಕೇಳಿ. ಅದರಲ್ಲಿ ವರ್ಷ, ತಿಂಗಳು, ಆಮೇಲೆ ಆರು ಅಂಕಿ ಇರುತ್ತವೆ. ಕೊಟ್ಟರೆ ನೀವೇ ತೆರೆದು ನೋಡಿ, ಆ ಕ್ಲಿನಿಕ್ ಹೆಸರು ನಡೆಯುವ ಸ್ಥಳಗಳ ಪಟ್ಟಿಯಲ್ಲಿದೆಯೇ ಎಂದು. ಬೇರೆಯವರ ನಂಬರು ತೋರಿಸುವುದೂ ಉಂಟು.

ಒಮ್ಮೆ ಸೇರಿದರೆ ಬಿಡಬಹುದೇ?
(ಶಿರಸಿಯ ಓದುಗರು)

ಯಾವಾಗ ಬೇಕಾದರೂ. ಕಾರಣ ಕೊಡಬೇಕಿಲ್ಲ, ಅದಕ್ಕಾಗಿ ಆಸ್ಪತ್ರೆಯ ಮಾಮೂಲು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಗುಳಿಗೆಯನ್ನು ಮನೆಯಲ್ಲೇ ಒಂದು ದಿನ ಥಟ್ಟನೆ ನಿಲ್ಲಿಸಿಬಿಡಬೇಡಿ. ಸ್ಟೀರಾಯ್ಡ್, ಫಿಟ್ಸ್ ಔಷಧ, ಕೆಲವು ಬಿಪಿ ಗುಳಿಗೆಗಳನ್ನು ಹಂತಹಂತವಾಗಿಯೇ ಇಳಿಸಬೇಕು. ಉಳಿದ ಗುಳಿಗೆಗಳನ್ನು ಖಾಲಿ ಸ್ಟ್ರಿಪ್ ಸಮೇತ ಹಿಂದಿರುಗಿಸಿ, ಅಲ್ಲಿ ಒಂದೊಂದನ್ನೂ ಎಣಿಸಿ ಲೆಕ್ಕ ಬರೆಯುತ್ತಾರೆ.