ಸ್ಟಾಕ್‌ಹೋಮ್‌ನ ಡಿಸೆಂಬರ್ ಕತ್ತಲನ್ನು ಖುಷಿಯಾಗಿ ಕಳೆಯುವುದು ಹೇಗೆ?

ಚಳಿಗಿಂತ ಕತ್ತಲೇ ಹೆಚ್ಚು ಕಾಡುವುದು. ಡಿಸೆಂಬರ್ ಕೊನೆಗೆ ಸೂರ್ಯ ಮೂಡುವುದು ಬೆಳಗ್ಗೆ 8:45ರ ಹೊತ್ತಿಗೆ, ಮುಳುಗುವುದು ಮಧ್ಯಾಹ್ನ 3ಕ್ಕೂ ಮುಂಚೆ. ಹಾಗಾಗಿ ಊಟದ ಬಿಡುವಿನಲ್ಲೇ ಅರ್ಧ ಗಂಟೆ ಹೊರಗೆ ನಡೆಯಿರಿ. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ. ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಡಿಗೆ ನಿಲ್ಲಿಸಿದ ಕೂಡಲೇ ನಡುಕ ಶುರು. ಬೂಟು ದಪ್ಪ ಕಾಲುಚೀಲ ಹಾಕಿಕೊಂಡೇ ಕೊಳ್ಳಿ. ಬಿಗಿಯಾದರೆ ಬೆರಳು ಮರಗಟ್ಟುತ್ತವೆ. ಹಿಮ ಕರಗಿ ಮತ್ತೆ ಗಟ್ಟಿಯಾದ ದಿನ ಎಂಥ ಬೂಟೂ ಜಾರುತ್ತದೆ, ಬೂಟಿನ ಅಡಿಭಾಗಕ್ಕೆ ಸಿಕ್ಕಿಸುವ ಮುಳ್ಳುಪಟ್ಟಿ ಬೇಕೇ ಬೇಕು.

ಡಿಸೆಂಬರ್ 13ರಂದು ಇಲ್ಲಿ ಆಚರಿಸುವ ಬೆಳಕಿನ ಹಬ್ಬ ಲೂಸಿಯಾಕ್ಕೆ ಕೇಸರಿ ಬನ್ ಮನೆಯಲ್ಲೇ ಮಾಡಿ. ಕಾಲು ಲೀಟರ್ ಹಾಲಿಗೆ ಅರ್ಧ ಗ್ರಾಂ ಕೇಸರಿ ಸಾಕು. ಸಕ್ಕರೆ ಜತೆ ಅರೆದರೆ ಬಣ್ಣ ಚೆನ್ನಾಗಿ ಬಿಡುತ್ತದೆ. ಹಿಟ್ಟು ಅಂಟುತ್ತದೆಂದು ಮೈದಾ ಸುರಿಯಬೇಡಿ, ಬನ್ ಒಣಕಲಾಗುವುದು ಅದರಿಂದಲೇ. ಇನ್ನು, ಇಲ್ಲಿ ಕ್ರಿಸ್‌ಮಸ್‌ನ ದೊಡ್ಡ ಊಟ 24ಕ್ಕೆ; ದಿನಸಿ 23ರೊಳಗೆ ತಂದಿಡಿ.