ಫ್ರೆಂಚ್ ಕ್ರಾಂತಿಯ ಕಾಲದ ಕುಟುಂಬ ಕಾದಂಬರಿ ಬರೆಯುವವರು ಯಾವ ವಿವರಗಳಲ್ಲಿ ಎಡವುತ್ತಾರೆ?

ತಲೆ ಕಡಿಯುವ ಯಂತ್ರ ಗಿಲೋಟಿನ್ ವಿಷಯದಲ್ಲಿ ಯಾರೂ ತಪ್ಪುವುದಿಲ್ಲ. ಎಡವಟ್ಟಾಗುವುದು ತಾರೀಖು ಮತ್ತು ಆಸ್ತಿ ಪಾಲಿನಲ್ಲಿ.

1793ರ ಅಕ್ಟೋಬರಿನಿಂದ 1805ರ ಕೊನೆಯವರೆಗೆ ಸರ್ಕಾರಿ ದಾಖಲೆಗಳಲ್ಲಿ ಇದ್ದದ್ದು ಗಣರಾಜ್ಯದ ಕ್ಯಾಲೆಂಡರ್: 30 ದಿನಗಳ 12 ತಿಂಗಳು, ಕೊನೆಗೆ 5 ಅಥವಾ 6 ಹೆಚ್ಚುವರಿ ದಿನ, ಹತ್ತು ದಿನಕ್ಕೊಂದು ‘ವಾರ’. ಹೊಸ ವರ್ಷ ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ, ವರ್ಷಗಳ ಎಣಿಕೆ 1792ರಿಂದ. ಹಾಗಾಗಿ 2ನೇ ವರ್ಷದ ಬ್ರುಮೇರ್ ತಿಂಗಳು 1793ಕ್ಕೆ ಸೇರಿದರೆ, ಅದೇ ವರ್ಷದ ಥರ್ಮಿಡಾರ್ ತಿಂಗಳ 9 ಎಂದರೆ 1794ರ ಜುಲೈ 27. 4ನೇ ವರ್ಷ ಮತ್ತು 8ನೇ ವರ್ಷದಿಂದ ಮುಂದಿನವು ಸೆಪ್ಟೆಂಬರ್ 23ಕ್ಕೆ (12ನೇ ವರ್ಷ 24ಕ್ಕೆ) ಶುರು. ಇದನ್ನು ಮರೆತರೆ ಆ ವರ್ಷಗಳ ತಾರೀಖುಗಳು ತಪ್ಪಬಹುದು.

ಮದುವೆ, ಜನನ, ಮರಣದ ನೋಂದಣಿ ಚರ್ಚಿನ ಕೈಯಿಂದ ಪುರಸಭೆಗೆ ಬಂದದ್ದು 1792ರ ಸೆಪ್ಟೆಂಬರ್ 20ರ ಕಾನೂನಿನಿಂದ. ವಿಚ್ಛೇದನಕ್ಕೂ ಅದೇ ದಿನ ದಾರಿಯಾಯಿತು. 1816ರಲ್ಲಿ ಮತ್ತೆ ಮುಚ್ಚಿತು.

ಕಥೆಗೆ ನಿಜವಾದ ಸರಕು ಇರುವುದು 1794ರ ಜನವರಿ 6ರ ಉತ್ತರಾಧಿಕಾರ ಕಾನೂನಿನಲ್ಲಿ. ಗಂಡು-ಹೆಣ್ಣೆನ್ನದೆ ಮಕ್ಕಳಿಗೆಲ್ಲ ಸಮಪಾಲು, ಅದೂ 1789ರ ಜುಲೈ 14ರಿಂದಲೇ ಪೂರ್ವಾನ್ವಯ! ಮುಗಿದುಹೋಗಿದ್ದ ಪಾಲುಪಟ್ಟಿಗಳನ್ನು ತಂಗಿಯರು ಮತ್ತೆ ಬಿಚ್ಚಿಸಬಹುದಿತ್ತು. 1795ರಲ್ಲಿ ಆ ಪೂರ್ವಾನ್ವಯ ರದ್ದಾಗಿ, ಪಡೆದದ್ದನ್ನು ಹಿಂದಿರುಗಿಸುವ ಜಗಳ ಶುರು. ನಡುವೆ ‘ಅಸಿನ್ಯಾ’ ಕಾಗದದ ಹಣ ಕುಸಿಯುತ್ತಲೇ ಇತ್ತು. ಸಾಲಗಾರರು ಹಳೆಯ ಸಾಲವನ್ನು ಅದರಲ್ಲೇ ಮುಖಬೆಲೆಗೆ ತೀರಿಸಿ ಗೆದ್ದರು.

ಪ್ಯಾರಿಸಿನ ಕುಟುಂಬವಾದರೆ ಇನ್ನೊಂದು ಎಚ್ಚರ: 1860ಕ್ಕೆ ಹಿಂದಿನ ಅಲ್ಲಿನ ಜನನ-ಮರಣ ದಾಖಲೆಗಳು 1871ರ ಬೆಂಕಿಯಲ್ಲಿ ಸುಟ್ಟವು, ಒಂದು ಭಾಗವನ್ನಷ್ಟೇ ಆಮೇಲೆ ಪುನಾರಚಿಸಲಾಯಿತು. ಅಲ್ಲಿ ನೋಟರಿಗಳ ಕಡತವೇ ಗತಿ.